ಎತ್ತರದ ನಾಡಿನಿಂದ ಇಳಿದು ಬಂದವಳು

ಅಮೆರಿಕದ 'ಆಕ್ಷನ್ ಕಾಮಿಕ್ಸ್' ಎಂಬ ಚಿತ್ರಕಥಾ ಮಾಸಿಕದ 252ನೆಯ ಸಂಚಿಕೆಯು 1959ನೆಯ ಇಸವಿಯ ಮೇ ತಿಂಗಳ ಹೆಸರನ್ನು ಹೊತ್ತು ಹೊರಬಂದಿತು. ಆಟೊ ಬೈಂಡರ್ ಎಂಬ ಕಥೆಗಾರನೂ ಆಲ್ ಪ್ಲಾಸ್ಟಿನೊ ಎಂಬ ಚಿತ್ರಕಾರನೂ ಅದರಲ್ಲಿ ಒಬ್ಬ ಹೊಸ ನಾಯಿಕೆಯನ್ನು ಸೃಷ್ಟಿಸಿದರು. ಅವಳ ಹೆಸರು ಕಾರಾ. ಲೋಕಕ್ಕೆ ತಿಳಿದಿರುವ ಬಿರುದು ಸೂಪರ್‌ಗರ್ಲ್. ಕ್ರಿಪ್ಟನ್ ಎಂಬ ಗ್ರಹವು ಸಿಡಿದು ಚೂರಾದಾಗ ಅದರ ಒಂದು ನಗರ ಮಾತ್ರ ತನ್ನ ಮೇಲಿನ ಗಾಳಿಯ ಗುಳ್ಳೆಯೊಡನೆ ಅಂತರಿಕ್ಷಕ್ಕೆ ಎಸೆಯಲ್ಪಟ್ಟು ಉಳಿಯಿತಂತೆ. ಕಾರಾ ಹುಟ್ಟಿದ್ದು ಆ ನಗರದಲ್ಲಿ. ಕಾಲಾನಂತರದಲ್ಲಿ ಅಲ್ಲಿಯ ನೆಲವೇ ವಿಷವಾಗಿ ಜನರು ಅಳಿಯುವ ಹೊತ್ತು ಬಂದಾಗ ತಂದೆಯು ಮಗಳನ್ನು ರಾಕೆಟ್ಟಿನಲ್ಲಿ ಕುಳ್ಳಿರಿಸಿ ಭೂಮಿಗೆ ಕಳುಹಿಸಿದನು. ಇಲ್ಲಿ ಇಳಿದೊಡನೆಯೆ ಅವಳಿಗೆ ಆಕಾಶದಲ್ಲಿ ಹಾರುವ, ಬೆಟ್ಟವನ್ನು ಎತ್ತುವ, ಗೋಡೆಯ ಆಚೆಗೂ ನೋಡುವ ಶಕ್ತಿಗಳು ಬಂದವು. ಆದರೂ ಅವಳು ಕಂದುಬಣ್ಣದ ಕೃತಕ ಕೂದಲನ್ನು ಧರಿಸಿ, ಲಿಂಡಾ ಲೀ ಎಂದು ಹೆಸರಿಟ್ಟುಕೊಂಡು, ಒಂದು ಅನಾಥಾಲಯದಲ್ಲಿ ಸಾಮಾನ್ಯ ಹುಡುಗಿಯಂತೆ ಬಾಳತೊಡಗಿದಳು.

(ಕ್ರಿಪ್ಟನ್ ಎಂಬುದು ಕಥೆಗಾರರು ಕಟ್ಟಿದ ಹೆಸರಲ್ಲ. 1898ರಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ಎಂಬ ವಿಜ್ಞಾನಿಗಳು ದ್ರವೀಕರಿಸಿದ ಗಾಳಿಯಿಂದ ಬೇರ್ಪಡಿಸಿದ ಒಂದು ಅನಿಲಕ್ಕೆ ಆ ಹೆಸರು ಮೊದಲೇ ಉಂಟು. ಗ್ರೀಕ್ ಭಾಷೆಯಲ್ಲಿ ಅದಕ್ಕೆ 'ಅಡಗಿರುವುದು' ಎಂದು ಅರ್ಥ. ಆ ಅರ್ಥವು ನಮ್ಮ ಈ ಲೇಖನಕ್ಕೂ ಸ್ವಲ್ಪ ಉಪಯೋಗಕ್ಕೆ ಬಂದೀತು.)

ಕಥೆಯನ್ನು ಕಥೆಯೆಂದೇ ಓದಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಯು ಅಲ್ಲಿಗೇ ನಿಲ್ಲುವವನಲ್ಲ. ತನ್ನ ಲೋಕವನ್ನು ಕಳೆದುಕೊಂಡು ಹೊಸ ನೆಲಕ್ಕೆ ಬಂದ ಒಂದು ಜೀವಕ್ಕೆ, ಆ ಹೊಸ ನೆಲದಲ್ಲಿ ಅಸಾಮಾನ್ಯವಾದ ಶಕ್ತಿ ಬರುವುದುಂಟೆ? ಈ ಪ್ರಶ್ನೆಯನ್ನು ಅವನು ಕೇಳಲೇಬೇಕು.

ಕಥೆಗಾರರು ಇದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಸಮಾಧಾನಗಳನ್ನು ಹೇಳಿದ್ದಾರೆ. ಕಾರಾಳ ಅಣ್ಣನ ವರಸೆಯವನಾದ ಸೂಪರ್‌ಮ್ಯಾನ್ 1938ರಲ್ಲಿ ಮೊದಲು ಕಾಣಿಸಿಕೊಂಡಾಗ, ಇರುವೆಯು ತನ್ನ ತೂಕದ ಹಲವು ಪಟ್ಟು ಭಾರವನ್ನು ಹೊರುವುದಿಲ್ಲವೆ ಎಂಬ ಹೋಲಿಕೆಯನ್ನು ಮುಂದಿಟ್ಟರು. ಹೋಲಿಕೆ ಅಂದವಾಗಿದೆ, ಲೆಕ್ಕ ತಪ್ಪಾಗಿದೆ. ಒಂದು ಪ್ರಾಣಿಯ ಉದ್ದ ಎರಡು ಪಟ್ಟಾದರೆ ಅದರ ಸ್ನಾಯುವಿನ ಅಡ್ಡಕೊಯ್ತ ನಾಲ್ಕು ಪಟ್ಟಾಗುತ್ತದೆ; ತೂಕವಾದರೋ ಎಂಟು ಪಟ್ಟಾಗುತ್ತದೆ. ಇರುವೆಯನ್ನು ಮನುಷ್ಯನಷ್ಟು ದೊಡ್ಡದಾಗಿ ಮಾಡಿದರೆ ಅದು ಬೆಟ್ಟವನ್ನು ಎತ್ತುವುದಿರಲಿ, ತನ್ನ ಕಾಲುಗಳ ಮೇಲೆಯೇ ನಿಲ್ಲಲಾರದು. ಈ ತತ್ತ್ವವನ್ನು ಗೆಲಿಲಿಯೊ 1638ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ.

ಆಮೇಲೆ ಬಂದ ಸಮಾಧಾನ ಸೂರ್ಯನದು. ಕ್ರಿಪ್ಟನ್ನಿನ ಸೂರ್ಯ ಕೆಂಪು, ನಮ್ಮದು ಹಳದಿ. ಆ ಹಳದಿ ಬೆಳಕಿನಿಂದಲೇ ಬಲ ಬರುತ್ತದೆಂದು ಹೇಳಿದರು. ಇದನ್ನೂ ಅಳೆದು ನೋಡಬಹುದು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ನೆಲದ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು 1,000 ವಾಟ್. ಮನುಷ್ಯದೇಹವು ಬಿಸಿಲಿಗೆ ಒಡ್ಡುವ ವಿಸ್ತಾರ ಒಂದು ಚದರ ಮೀಟರಿಗಿಂತ ಕಡಿಮೆಯೇ. ಬಿದ್ದದ್ದನ್ನೆಲ್ಲ ಒಂದಿಷ್ಟೂ ಪೋಲು ಮಾಡದೆ ಹೀರಿಕೊಂಡರೂ ದೊರೆಯುವುದು ಹೆಚ್ಚು ಕಡಿಮೆ ಒಂದು ಅಶ್ವಶಕ್ತಿ. ಭದ್ರಾ ದಂಡೆಯ ಅಡಕೆ ತೋಟಗಳಲ್ಲಿ ಇದಕ್ಕಿಂತ ಬಲವಾದ ಪಂಪುಗಳು ಎಷ್ಟೋ ಇವೆ.

ಉಳಿಯುವುದು ಗುರುತ್ವಾಕರ್ಷಣದ ಮಾತು. ಭಾರವಾದ ಗ್ರಹದಲ್ಲಿ ಬೆಳೆದವಳಿಗೆ ಹಗುರವಾದ ಭೂಮಿಯಲ್ಲಿ ಬಲ ಹೆಚ್ಚೆಂದು ತೋರುವುದು ಸಹಜವಲ್ಲವೆ? ಮೊದಲ ದಿನ ಸಹಜವೇ ಸರಿ. ಆದರೆ ದೇಹವು ಬಹಳ ಜಿಪುಣತನದ ಲೆಕ್ಕಿಗ. ಕೆಲಸವಿಲ್ಲದ ಸ್ನಾಯುವಿಗೂ ಮೂಳೆಗೂ ಅದು ಸಂಬಳ ಕೊಡುವುದಿಲ್ಲ. ಗಗನಯಾತ್ರಿ ಸುನೀತಾ ವಿಲಿಯಮ್ಸ್ 2024ರ ಜೂನ್ ತಿಂಗಳಲ್ಲಿ ಹೊರಟು 286 ದಿನಗಳನ್ನು ಅಂತರಿಕ್ಷದಲ್ಲಿ ಕಳೆದು 2025ರ ಮಾರ್ಚಿನಲ್ಲಿ ಭೂಮಿಗೆ ಮರಳಿದರು. ಅಷ್ಟು ದಿನವೂ ವ್ಯಾಯಾಮ ಅವರಿಗೆ ದಿನಚರಿಯ ಭಾಗವಾಗಿತ್ತು. ಏಕೆಂದರೆ ತೂಕವಿಲ್ಲದ ಸ್ಥಿತಿಯಲ್ಲಿ, ತಡೆಯುವ ಉಪಾಯ ಮಾಡದಿದ್ದರೆ, ಭಾರ ಹೊರುವ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸವೆಯುತ್ತವೆ. ಕಾರಾಳ ಬಲವೂ ಹಾಗೆಯೇ ಭೂಮಿಯ ಹಗುರವಾದ ನೆಲದಲ್ಲಿ ತಿಂಗಳು ತಿಂಗಳಿಗೆ ಕರಗಿ, ಕೆಲವು ವರ್ಷಗಳಲ್ಲಿ ಅವಳು ಅನಾಥಾಲಯದ ಇತರ ಹುಡುಗಿಯರಂತೆಯೇ ಆಗುತ್ತಿದ್ದಳು. ಕೃತಕ ಕೂದಲಿನ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾದರೆ ಕಥೆಯಲ್ಲಿ ಹುರುಳೇ ಇಲ್ಲವೆ? ನಾವು ಹಾಗೆ ಹೇಳುವುದಿಲ್ಲ. ಕಳೆದುಹೋದ ನಾಡಿನಿಂದ ಬಂದವರ ಮೈಯಲ್ಲಿ ಅಸಾಮಾನ್ಯವಾದ ಶಕ್ತಿಯೊಂದು ಅಡಗಿರುವುದಕ್ಕೆ ನಿಜವಾದ ನಿದರ್ಶನವಿದೆ. ಅದು ಅಮೆರಿಕದಲ್ಲಿಲ್ಲ, ನಮ್ಮ ಕರ್ನಾಟಕದಲ್ಲಿಯೇ ಇದೆ.

ಕಾರಾ ಕಾಗದದ ಮೇಲೆ ಭೂಮಿಗಿಳಿದ ಅದೇ 1959ನೆಯ ಇಸವಿಯ ಮಾರ್ಚ್ 31ರಂದು ದಲೈ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತದ ನೆಲವನ್ನು ಮುಟ್ಟಿದರು. ಅವರ ಹಿಂದೆ ಹತ್ತಾರು ಸಾವಿರ ಟಿಬೆಟಿಯನರು ಮನೆಮಠಗಳನ್ನು ಬಿಟ್ಟು ಬಂದರು. ಹಲವರು ಮೊದಲು ಹಿಮಾಲಯದ ತಪ್ಪಲಿನ ರಸ್ತೆಗಳಲ್ಲಿ ಕಲ್ಲು ಒಡೆದರು. ಗಂಡಸರಂತೆ ಹೆಂಗಸರೂ ಒಡೆದರು. ಆಗಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಕಾಡುಭೂಮಿಯನ್ನು ಕೊಟ್ಟಿತು. 1960–61ರಲ್ಲಿ ಮೊದಲನೆಯ ನೆಲೆ ಅಲ್ಲಿ ಸ್ಥಾಪಿತವಾಯಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಇನ್ನೊಂದು, ಮುಂದೆ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲಿ ಮತ್ತೆರಡು ನೆಲೆಗಳು ಹುಟ್ಟಿದವು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಹುಟ್ಟಿ ಬೆಳೆದವರು ಸುಮಾರು 850 ಮೀಟರ್ ಎತ್ತರದ ಬೈಲಕುಪ್ಪೆಗೆ ಇಳಿದರು. ಅವರ ಜೀವನದ ಆಧಾರವಾಗಿದ್ದ ಯಾಕ್ ಎಂಬ ಚಮರೀಮೃಗವು ಅವರೊಡನೆ ಇಳಿಯಲಿಲ್ಲ. ಉದ್ದವಾದ ಉಣ್ಣೆಗೂದಲಿನ ಆ ಪ್ರಾಣಿಯು ಬಯಲುಸೀಮೆಯ ಸೆಕೆಯನ್ನು ತಾಳಲಾರದು. ಮನುಷ್ಯರು ಬಂದರು, ತಾಳಿಕೊಂಡರು.

ಇವರ ದೇಹದಲ್ಲಿ ಅಡಗಿರುವ ಶಕ್ತಿ ಯಾವುದೆಂದು ತಿಳಿಯಬೇಕಾದರೆ ಭದ್ರಾವತಿಯ ಜನ್ನಾಪುರದಿಂದ ಪ್ರಾರಂಭಿಸುವುದು ಅನುಕೂಲ. ಭದ್ರಾವತಿಯು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಸಮುದ್ರದ ದಂಡೆಯಲ್ಲಿ ಗಾಳಿಯ ಒತ್ತಡವು 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವುದಾದರೆ ಜನ್ನಾಪುರದಲ್ಲಿ ಸುಮಾರು 707 ಮಿಲಿಮೀಟರನ್ನು ಹಿಡಿಯುತ್ತದೆ. ಸುಮಾರು 3,650 ಮೀಟರ್ ಎತ್ತರದ ಲ್ಹಾಸಾ ನಗರದಲ್ಲಿ ಅದು 490ರ ಸುಮಾರಿಗೆ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ನೂರಕ್ಕೆ 21. ಆದರೆ ಗಾಳಿಯೇ ತೆಳುವಾದಾಗ ಪ್ರತಿ ಉಸಿರಿನಲ್ಲಿ ಸಿಕ್ಕುವ ಆಮ್ಲಜನಕವೂ ತೆಳುವಾಗುತ್ತದೆ. ಜನ್ನಾಪುರದ ಮೂರು ಉಸಿರಿಗೆ ಲ್ಹಾಸಾದ ನಾಲ್ಕು ಉಸಿರು ಸಾಟಿಯಾಗದು.

ಉಸಿರಿನಿಂದ ಬಂದ ಆಮ್ಲಜನಕವನ್ನು ದೇಹದ ಮೂಲೆಮೂಲೆಗೂ ಹೊತ್ತೊಯ್ಯುವುದು ರಕ್ತದ ಹೀಮೋಗ್ಲೋಬಿನ್. ಅದರ ಒಂದೊಂದು ಅಣುವಿನಲ್ಲಿಯೂ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ವಯಸ್ಕನ ಮೈಯಲ್ಲಿರುವ ಒಟ್ಟು ಕಬ್ಬಿಣವು ಮೂರು ನಾಲ್ಕು ಗ್ರಾಮು, ಎಂದರೆ ಒಂದು ಸಾಧಾರಣ ಮೊಳೆಯ ತೂಕ. ಕಬ್ಬಿಣದ ಊರಿನವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಕೆಲಸವನ್ನು ಆರಂಭಿಸಿದಾಗ ಕೆಮ್ಮಣ್ಣುಗುಂಡಿಯಿಂದ ತಂದ ಅದಿರನ್ನು ಮಲೆನಾಡಿನ ಇದ್ದಿಲಿನೊಡನೆ ಊದುಕುಲುಮೆಗೆ ಸುರಿಯುತ್ತಿದ್ದರು. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಆ ಹಿಡಿತವನ್ನು ಬಿಡಿಸುತ್ತದೆ, ಲೋಹ ದೊರೆಯುತ್ತದೆ. ಕುಲುಮೆಯಲ್ಲಿ ಅಷ್ಟು ಬೆಂಕಿಯನ್ನು ಬೇಡುವ ಈ ಬಿಡುಗಡೆಯು ರಕ್ತದಲ್ಲಿ ಮೈಬಿಸಿಯಲ್ಲಿಯೇ ಕ್ಷಣಕ್ಷಣವೂ ನಡೆಯುತ್ತದೆ. ಹೀಮೋಗ್ಲೋಬಿನ್ನಿನ ಕಬ್ಬಿಣವು ಆಮ್ಲಜನಕವನ್ನು ಸಡಿಲವಾಗಿ ಹಿಡಿಯುತ್ತದೆ, ಬೇಕಾದಲ್ಲಿ ಬಿಡುತ್ತದೆ. ಕುಲುಮೆಗೆ ಉಪಕಾರಿಯಾದ ಕಾರ್ಬನ್ ಮಾನಾಕ್ಸೈಡ್ ಇಲ್ಲಿ ಮಾತ್ರ ಶತ್ರು. ಅದು ಹೀಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆಯನ್ನು ಇಟ್ಟು ಮಲಗಬಾರದೆಂಬುದು ಇದರಿಂದಲೇ.

ಈಗ ಜನ್ನಾಪುರದ ಒಬ್ಬ ವಿದ್ಯಾರ್ಥಿನಿಯು ವಿಮಾನವೇರಿ ಸುಮಾರು 3,500 ಮೀಟರ್ ಎತ್ತರದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋದಳೆನ್ನೋಣ. ಊರಿನಲ್ಲಿ ಅವಳ ಹೀಮೋಗ್ಲೋಬಿನ್ನಿನಲ್ಲಿ ನೂರಕ್ಕೆ 97–98 ಪಾಲು ಆಮ್ಲಜನಕದಿಂದ ತುಂಬಿರುತ್ತಿತ್ತು. ಲೇಹ್‌ನಲ್ಲಿ ಅದು 90ರ ಕೆಳಗೂ ಇಳಿಯಬಹುದು. ತಲೆನೋವು, ವಾಕರಿಕೆ, ನಿದ್ರಾಭಂಗ ಮೊದಲಾಗುತ್ತವೆ. ಅವಳ ದೇಹದ ಜೀವಕೋಶಗಳಲ್ಲಿ ಆಮ್ಲಜನಕದ ಕೊರತೆಯನ್ನು ಕಂಡೊಡನೆ ಗಂಟೆ ಬಾರಿಸುವ ಒಬ್ಬ ಪಹರೆಯವನಿದ್ದಾನೆ. ಈ ವ್ಯವಸ್ಥೆಯ ರಹಸ್ಯವನ್ನು ಬಿಡಿಸಿದ್ದಕ್ಕಾಗಿ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ 2019ರ ನೊಬೆಲ್ ಬಹುಮಾನ ದೊರೆಯಿತು. ಗಂಟೆಯ ಸದ್ದಿಗೆ ಮೂತ್ರಪಿಂಡಗಳು ಒಂದು ಹಾರ್ಮೋನನ್ನು ಹೊರಡಿಸುತ್ತವೆ. ಎಲುಬಿನ ಮಜ್ಜೆಯು ಹೆಚ್ಚು ಹೆಚ್ಚಾಗಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಕೆಲವು ವಾರಗಳಲ್ಲಿ ಅವಳಿಗೆ ಎತ್ತರವು ಸಾಕಷ್ಟು ರೂಢಿಯಾಗುತ್ತದೆ. ಜನ್ನಾಪುರಕ್ಕೆ ಹಿಂದಿರುಗಿದ ಮೇಲೆ ಗಂಟೆ ನಿಲ್ಲುತ್ತದೆ. ಕೆಂಪುಕಣವೊಂದರ ಆಯುಸ್ಸು ಸುಮಾರು 120 ದಿನ. ಹೆಚ್ಚಿನ ಕಣಗಳು ಸವೆದುಹೋಗಿ ಅವಳು ಮೊದಲಿನಂತೆ ಆಗುತ್ತಾಳೆ. ಇದು ಗಳಿಸಿದ ಶಕ್ತಿ. ಗಳಿಸಿದ ಸ್ಥಳವನ್ನು ಬಿಟ್ಟರೆ ಅದು ಉಳಿಯುವುದಿಲ್ಲ.

ಅವಳು ಎತ್ತರದಲ್ಲಿಯೇ ನೆಲೆಸಿದರೆ ಬೇರೊಂದು ಕಷ್ಟ ಕಾದಿರುತ್ತದೆ. ರಕ್ತಕಣಗಳು ಹೆಚ್ಚಿದಷ್ಟೂ ರಕ್ತವು ಗಟ್ಟಿಯಾಗುತ್ತದೆ. ಗಟ್ಟಿಯಾದ ರಕ್ತವನ್ನು ದೂಡಲು ಹೃದಯವು ಹೆಣಗಬೇಕು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತವಾಸಿಗಳಲ್ಲಿ ಕೆಲವರನ್ನು ಕಾಡುವ ಈ ಬೇನೆಯನ್ನು ಪೆರುವಿನ ವೈದ್ಯ ಕಾರ್ಲೋಸ್ ಮಾಂಗೆ 1920ರ ದಶಕದಲ್ಲಿ ವಿವರಿಸಿದನು. ಗರ್ಭಿಣಿಯರಿಗೆ ತೊಂದರೆ ಇನ್ನೂ ಹೆಚ್ಚು. ಎತ್ತರ ಏರಿದಂತೆ ಹುಟ್ಟುವ ಕೂಸಿನ ತೂಕ ಇಳಿಯುತ್ತದೆ. ಸಾವಿರ ಮೀಟರಿಗೆ ಸುಮಾರು ನೂರು ಗ್ರಾಮು ಎಂಬುದು ಒಂದು ಸ್ಥೂಲವಾದ ಲೆಕ್ಕ.

ಟಿಬೆಟಿಯನರಲ್ಲಿ ಹೀಗಾಗುವುದಿಲ್ಲ. ಸಿಂಥಿಯಾ ಬೀಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆಯು ಬಹುಕಾಲದಿಂದ ಇದನ್ನು ಶೋಧಿಸುತ್ತ ಬಂದಿದ್ದಾರೆ. ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲಿ ವಾಸಿಸುವ ಆಂಡಿಸ್ ಗಂಡಸರ ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು 19 ಗ್ರಾಮು ಹೀಮೋಗ್ಲೋಬಿನ್ ಇದ್ದರೆ, ಅಷ್ಟೇ ಎತ್ತರದ ಟಿಬೆಟಿಯನರಲ್ಲಿ 16 ಗ್ರಾಮಿಗೂ ತುಸು ಕಡಿಮೆ ಇರುವುದು 1998ರಲ್ಲಿ ಪ್ರಕಟವಾದ ಅವರ ಅಳತೆಗಳಿಂದ ತಿಳಿದುಬಂದಿತು. ಸಮುದ್ರದ ದಂಡೆಯ ಆರೋಗ್ಯವಂತ ಗಂಡಸಿನ ಪ್ರಮಾಣವೂ ಇದಕ್ಕೆ ಸಮೀಪವೇ. ಹಾಗಿದ್ದಮೇಲೆ ಅವರು ಬದುಕುವ ಬಗೆ ಹೇಗೆ? ಅವರು ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ. ಅವರ ರಕ್ತನಾಳಗಳು ಅಗಲವಾಗಿ ತೆರೆದುಕೊಂಡು ಹೆಚ್ಚು ರಕ್ತವನ್ನು ಹರಿಸುತ್ತವೆ. ಭದ್ರಾ ನಾಲೆಯನ್ನು ಕಂಡವರಿಗೆ ಇದನ್ನು ಹೀಗೆ ಹೇಳಬಹುದು: ಬೇರೆಯವರು ಅದೇ ಕಾಲುವೆಯಲ್ಲಿ ಮಂದವಾದ ನೀರನ್ನು ದೂಡುತ್ತಾರೆ, ಟಿಬೆಟಿಯನರು ಕಾಲುವೆಯನ್ನೇ ಅಗಲ ಮಾಡಿಕೊಂಡಿದ್ದಾರೆ.

ಇದರಲ್ಲಿ ಹೆಂಗಸರ ಪಾತ್ರವೇ ಹಿರಿದೆಂದು ನಾವು ಎಣಿಸುತ್ತೇವೆ. 2024ರಲ್ಲಿ ಬೀಲ್ ಮತ್ತು ಸಂಗಡಿಗರು ನೇಪಾಳದ ಮೇಲಣ ಮುಸ್ತಾಂಗ್ ಪ್ರದೇಶದಲ್ಲಿ, 3,500 ಮೀಟರಿಗೂ ಮೇಲೆ ಜೀವಮಾನವನ್ನೆಲ್ಲ ಕಳೆದ, 46ರಿಂದ 86 ವರ್ಷ ವಯಸ್ಸಿನ, 417 ಮಂದಿ ಟಿಬೆಟಿಯನ್ ಮೂಲದ ಹೆಂಗಸರನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಸರಾಸರಿ ಒಬ್ಬೊಬ್ಬರಿಗೂ ಐದು ಮಕ್ಕಳು ಜೀವಂತವಾಗಿ ಹುಟ್ಟಿದ್ದವು. ಅತ್ಯಂತ ಹೆಚ್ಚು ಮಕ್ಕಳನ್ನು ಪಡೆದವರ ರಕ್ತದಲ್ಲಿ ಹೀಮೋಗ್ಲೋಬಿನ್ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ, ಮಧ್ಯಮವಾಗಿತ್ತು. ಆದರೆ ಇದ್ದ ಹೀಮೋಗ್ಲೋಬಿನ್ ಆಮ್ಲಜನಕದಿಂದ ಚೆನ್ನಾಗಿ ತುಂಬಿತ್ತು. ಜೀವವಿಕಾಸವೆಂದರೆ ಬಲಿಷ್ಠರ ಕಾದಾಟವೆಂದು ತಿಳಿಯುವ ವಿದ್ಯಾರ್ಥಿಗಳು ಇಲ್ಲಿ ತುಸು ನಿಲ್ಲಬೇಕು. ಆಯ್ಕೆ ನಡೆದದ್ದು ಯುದ್ಧಭೂಮಿಯಲ್ಲಲ್ಲ, ಬಾಣಂತಿಯ ಕೋಣೆಯಲ್ಲಿ. ಯಾವ ತಾಯಿಯ ರಕ್ತವು ತೆಳುಗಾಳಿಯಲ್ಲಿಯೂ ಗರ್ಭದ ಕೂಸಿಗೆ ಆಮ್ಲಜನಕವನ್ನು ಮುಟ್ಟಿಸಿತೋ ಅವಳ ಮಕ್ಕಳು ಉಳಿದರು.

ಈ ಶಕ್ತಿಯು ಆನುವಂಶಿಕವಾದದ್ದು. 2010ರಲ್ಲಿ ಹಲವು ಸಂಶೋಧಕ ತಂಡಗಳು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಅದರ ಮುಖ್ಯವಾದ ಜೀನನ್ನು ಗುರುತಿಸಿದವು. ಅದರ ಹೆಸರು ಇಪಾಸ್-1. ನಾವು ಮೇಲೆ ಹೇಳಿದ ಗಂಟೆ ಬಾರಿಸುವ ಪಹರೆಯವನ ಒಂದು ಅಂಗವನ್ನು ನಿರ್ಮಿಸುವುದೇ ಆ ಜೀನಿನ ಕೆಲಸ. ಟಿಬೆಟಿಯನರಲ್ಲಿರುವ ಅದರ ವಿಶೇಷ ರೂಪವು ಗಾಬರಿಯಿಲ್ಲದ ಪಹರೆಯವನನ್ನು ಕೊಡುತ್ತದೆ. ಎತ್ತರದಲ್ಲಿಯೂ ಅವನು ಗಂಟೆಯನ್ನು ಮೆಲ್ಲಗೆ ಬಾರಿಸುತ್ತಾನೆ. ಒಂದು ತಂಡದ ಎಣಿಕೆಯಂತೆ ಆ ಜೀನಿನಲ್ಲಿಯ ಒಂದು ವಿಶಿಷ್ಟ ಮಾರ್ಪಾಟು ಟಿಬೆಟಿಯನರಲ್ಲಿ ನೂರಕ್ಕೆ 87ರಷ್ಟು ಇದ್ದರೆ, ಚೀನದ ಬಯಲಿನ ಹಾನ್ ಜನರಲ್ಲಿ ನೂರಕ್ಕೆ 9ರಷ್ಟು ಮಾತ್ರ ಇತ್ತು.

ಇಷ್ಟು ವಿಶೇಷವಾದ ರೂಪವು ಎಲ್ಲಿಂದ ಬಂತು? ಇದರ ಉತ್ತರವು ಯಾವ ಚಿತ್ರಕಥೆಗೂ ಕಡಿಮೆಯಾದುದಲ್ಲ. ಸೈಬೀರಿಯದ ಅಲ್ಟಾಯ್ ಪರ್ವತಗಳಲ್ಲಿ ಡೆನಿಸೋವಾ ಎಂಬ ಗುಹೆಯಿದೆ. 2008ರಲ್ಲಿ ಅಲ್ಲಿಯ ಮಣ್ಣಿನಿಂದ ಒಂದು ಕಿರುಬೆರಳಿನ ಮೂಳೆಯ ಚೂರು ಹೊರಬಂದಿತು. ಅದರಿಂದ ಡಿ.ಎನ್.ಎ. ತೆಗೆದು ಓದಿದಾಗ, ಅದು ನಮ್ಮ ಜಾತಿಯದೂ ಅಲ್ಲದ, ನಿಯಾಂಡರ್ತಾಲರದೂ ಅಲ್ಲದ, ಅದುವರೆಗೆ ಯಾರೂ ಅರಿಯದ ಒಂದು ಮಾನವಕುಲಕ್ಕೆ ಸೇರಿದ್ದೆಂದು 2010ರಲ್ಲಿ ಗೊತ್ತಾಯಿತು. ಈ ಕೆಲಸವನ್ನು ಮುನ್ನಡೆಸಿದ ಸ್ವಾಂಟೆ ಪಾಬೊ ಅವರಿಗೆ 2022ರ ನೊಬೆಲ್ ಬಹುಮಾನ ಸಂದಿತು. ಆ ಬೆರಳು ಒಬ್ಬ ಬಾಲಿಕೆಯದು. ಅವಳ ಚರ್ಮವು ಕಪ್ಪಗಿತ್ತೆಂದೂ ಕೂದಲೂ ಕಣ್ಣೂ ಕಂದುಬಣ್ಣದ್ದೆಂದೂ ಅವಳ ಜೀನುಗಳಿಂದಲೇ ಊಹಿಸಿದ್ದಾರೆ. ಅವಳ ಕುಲ ಇಂದು ಭೂಮಿಯ ಮೇಲೆ ಇಲ್ಲ. ಅವಳ ಲೋಕವು ಸಂಪೂರ್ಣವಾಗಿ ಕಳೆದುಹೋಗಿದೆ.

2014ರಲ್ಲಿ ವಿಜ್ಞಾನಿಗಳು ಟಿಬೆಟಿಯನರ ಇಪಾಸ್-1 ಜೀನಿನ ಅಕ್ಷರಮಾಲೆಯನ್ನು ಲೋಕದ ನಾನಾ ಜನಾಂಗಗಳೊಡನೆ ಹೋಲಿಸಿದರು. ಅದರ ವಿಚಿತ್ರವಾದ ವಿನ್ಯಾಸಕ್ಕೆ ಹೊಂದಿಕೆಯಾದದ್ದು ಡೆನಿಸೋವಾದ ಆ ಬಾಲಿಕೆಯ ಜೀನು. ಅವಳೇ ಟಿಬೆಟಿಯನರ ಮೂಲ ತಾಯಿಯೆಂದು ಇದರಿಂದ ತಿಳಿಯಬಾರದು. ಅವಳ ಕುಲದವರೂ ನಮ್ಮ ಕುಲದವರೂ ಎಲ್ಲಿಯೋ ಸಂಧಿಸಿ ಮಕ್ಕಳನ್ನು ಪಡೆದಿದ್ದರು, ಅವರ ಮೂಲಕ ಆ ಜೀನು ಇತ್ತ ದಾಟಿತು, ಎಂಬಷ್ಟೇ ಇದರ ಅರ್ಥ. (ಟಿಬೆಟಿನ ದೊಡ್ಡ ಕಾವಲುನಾಯಿಗಳೂ ಇದೇ ಜೀನಿನ ಎತ್ತರಕ್ಕೊಪ್ಪುವ ರೂಪವನ್ನು ಅಲ್ಲಿಯ ತೋಳಗಳಿಂದ ಪಡೆದಿವೆಯೆಂದು 2017ರಲ್ಲಿ ತಿಳಿದುಬಂತು. ಒಡೆಯನೂ ನಾಯಿಯೂ ಒಂದೇ ಉಪಾಯದಿಂದ ಬೆಟ್ಟವನ್ನು ಹತ್ತಿದರು!)

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡೆನಿಸೋವಾ ಗುಹೆಯು ಅಷ್ಟೇನೂ ಎತ್ತರದಲ್ಲಿಲ್ಲ; ಸುಮಾರು 700 ಮೀಟರ್, ಜನ್ನಾಪುರಕ್ಕಿಂತ ನೂರು ಮೀಟರ್ ಮೇಲೆ. ಆ ಕುಲದ ಕೆಲವರು ಎತ್ತರಕ್ಕೂ ಹೋಗಿದ್ದರೆಂಬುದು ನಿಜ. ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ, 3,280 ಮೀಟರ್ ಎತ್ತರದ ಒಂದು ಗುಹೆಯಲ್ಲಿ ಬೌದ್ಧ ಭಿಕ್ಷುವೊಬ್ಬನಿಗೆ 1980ರಲ್ಲಿ ಸಿಕ್ಕಿದ ದವಡೆಯ ಮೂಳೆಯು ಡೆನಿಸೋವಾ ಕುಲದ್ದೆಂದೂ, ಕಡಿಮೆಯೆಂದರೂ 1,60,000 ವರ್ಷ ಹಳೆಯದೆಂದೂ 2019ರಲ್ಲಿ ನಿರ್ಧಾರವಾಯಿತು. ಆದರೆ ನಮ್ಮ ಕುಲಕ್ಕೆ ಬಂದ ಮೇಲೆ ಆ ಜೀನಿಗೆ ಏನಾಯಿತು? 2021ರ ಒಂದು ಗಣನೆಯು ಹೀಗೆ ಹೇಳುತ್ತದೆ: ಅದು ದಾಟಿ ಬಂದದ್ದು ಸುಮಾರು 48,000 ವರ್ಷಗಳ ಹಿಂದೆ, ಪ್ರಕೃತಿಯು ಅದನ್ನು ಆರಿಸಿ ಬೆಳೆಸತೊಡಗಿದ್ದು ಸುಮಾರು 9,000 ವರ್ಷಗಳಿಂದೀಚೆಗೆ. ನಡುವಣ ಆ ದೀರ್ಘಕಾಲದಲ್ಲಿ ಅದು ಯಾವ ಉಪಕಾರವನ್ನೂ ಮಾಡದೆ, ಅಪಕಾರವನ್ನೂ ಮಾಡದೆ, ತಲೆಮಾರಿನಿಂದ ತಲೆಮಾರಿಗೆ ಸುಮ್ಮನೆ ಸಾಗಿ ಬಂದಿತು. ಜನರು ಎತ್ತರದ ನಾಡನ್ನು ನೆಲೆಯಾಗಿ ಮಾಡಿಕೊಂಡಾಗ ಎಚ್ಚರಗೊಂಡಿತು.

ಅದೇ ಜೀನು 1960ರಲ್ಲಿ ಬೈಲಕುಪ್ಪೆಗೆ ಇಳಿದು ಬಂದಿತು, ಮತ್ತೆ ಮಲಗಿತು. ಕಥೆಗೂ ನಿಜಕ್ಕೂ ಇರುವ ಅಂತರ ಇಲ್ಲಿದೆ. ಕಾರಾಳ ಶಕ್ತಿ ಹೊಸ ನೆಲವನ್ನು ಮುಟ್ಟಿದೊಡನೆ ಎಚ್ಚರಗೊಂಡಿತು. ಟಿಬೆಟಿಯನ್ ಹೆಂಗಸಿನ ಶಕ್ತಿಯು ಹೊಸ ನೆಲದಲ್ಲಿ ಕಾಣದಾಯಿತು. ಎಲ್ಲರ ರಕ್ತವೂ ನೂರಕ್ಕೆ 97 ಪಾಲು ಆಮ್ಲಜನಕದಿಂದ ತುಂಬಿರುವ ಕಡೆ, ತುಂಬಿಕೊಳ್ಳುವ ಜಾಣ್ಮೆಗೆ ಬೆಲೆಯೇನು? ಅವಳಿಗೆ ಅಲ್ಲಿ ಬೇಕಾಗಿದ್ದುದೇ ಬೇರೆ. ಕಾಡನ್ನು ಕಡಿದು ಹೊಲ ಮಾಡಬೇಕಾಗಿತ್ತು. ಜವೆಗೋದಿಯನ್ನು ಹುರಿದು ಬೀಸಿದ ಹಿಟ್ಟನ್ನು ಉಂಡು ಬೆಳೆದವಳು ಮುಸುಕಿನ ಜೋಳವನ್ನು ಬಿತ್ತಲು ಕಲಿಯಬೇಕಾಗಿತ್ತು. ಬಿತ್ತಿದ್ದನ್ನು ಆನೆಗಳಿಂದ ಕಾಯಬೇಕಾಗಿತ್ತು. ತಣ್ಣನೆಯ ಒಣಗಾಳಿಯಲ್ಲಿ ಕಾಣದಿದ್ದ ರೋಗಗಳು ಇಲ್ಲಿ ಕಾದಿದ್ದವು. ಕ್ಷಯವಂತೂ ವಲಸೆ ಬಂದ ಟಿಬೆಟಿಯನರನ್ನು ದಶಕಗಳ ಕಾಲ ಪೀಡಿಸಿತು. ಇವುಗಳಲ್ಲಿ ಯಾವುದಕ್ಕೂ ಡೆನಿಸೋವಾದ ಜೀನಿನಲ್ಲಿ ಮದ್ದಿರಲಿಲ್ಲ. ಸೆಕೆಯಲ್ಲಿ ಬದುಕುವುದನ್ನೂ, ಕನ್ನಡದಲ್ಲಿ ಸಂತೆ ಮಾಡುವುದನ್ನೂ, ಚಳಿಗಾಲದಲ್ಲಿ ಊರೂರು ತಿರುಗಿ ಉಣ್ಣೆಯ ಅಂಗಿಗಳನ್ನು ಮಾರುವುದನ್ನೂ ಜೀನು ಕಲಿಸಲಿಲ್ಲ, ಅವಳು ಕಲಿತಳು. ಬೆಟ್ಟವನ್ನು ಎತ್ತುವುದಕ್ಕಿಂತ ಇದು ಸುಲಭವೆಂದು ನಮಗೆ ತೋರುವುದಿಲ್ಲ.

ಆಕೆಯ ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿದವರು. ಅವರಲ್ಲಿ ಬಹುಮಂದಿ ಲ್ಹಾಸಾವನ್ನು ಕಂಡಿಲ್ಲ. ಮುಂಡಗೋಡಿನ ಟಿಬೆಟಿಯನ್ ಹುಡುಗಿಯೊಬ್ಬಳೂ ನಮ್ಮ ಜನ್ನಾಪುರದ ವಿದ್ಯಾರ್ಥಿನಿಯೂ ಶಿವಮೊಗ್ಗದ ಯಾವುದಾದರೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಕ್ಕಪಕ್ಕ ಕುಳಿತು ಬೆರಳ ತುದಿಯಿಂದ ಒಂದೊಂದು ಹನಿ ರಕ್ತವನ್ನು ಕೊಟ್ಟರೆನ್ನೋಣ. ಹೀಮೋಗ್ಲೋಬಿನ್ನನ್ನು ಅಳೆಯುವ ಸಾಮಾನ್ಯ ಪರೀಕ್ಷೆಯು ಇವರಲ್ಲಿ ಯಾರು ಯಾರೆಂದು ಹೇಳಲಾರದು. ಭೇದವು ತೋರಬೇಕಾದರೆ ಇಬ್ಬರೂ ಒಟ್ಟಿಗೆ ಲೇಹ್‌ಗೆ ಹೋಗಿ ಕೆಲವು ವಾರ ತಂಗಿದ್ದು ಮತ್ತೆ ರಕ್ತವನ್ನು ಕೊಡಬೇಕು.